ಬೆರಕೆ ಎಂಬ ಬೈಗುಳ

ಶಿಶುನಾಳ ಶರೀಫರ ಪದವನ್ನು ಗಿಟಾರ್ ಹಿಡಿದು ಹಾಡಿದರೆ ಅಪಚಾರ. ಡೊಳ್ಳಿನ ಪಕ್ಕದಲ್ಲಿ ಡ್ರಮ್ ಸೆಟ್ ಇಟ್ಟರೆ ಜಾನಪದದ ಕೊಲೆ. ಟ್ರ್ಯಾಕ್ಟರಿಗೆ ಸೌಂಡ್ ಬಾಕ್ಸ್ ಕಟ್ಟಿಕೊಂಡು ಹಳ್ಳಿಯ ಹುಡುಗರು ಹಾಕುವ ಹಾಡಂತೂ ಸಂಗೀತವೇ ಅಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಗೋಷ್ಠಿಗಳಲ್ಲಿ, ಜಾತ್ರೆಯ ವೇದಿಕೆಗಳಲ್ಲಿ, ಚಹಾದಂಗಡಿಯ ಕಟ್ಟೆಯ ಮೇಲೆ ಈ ಮೂರು ತೀರ್ಪುಗಳು ಎಷ್ಟು ಸಲ ಕೇಳಿಬಂದಿವೆಯೆಂದರೆ, ಅವನ್ನು ಪ್ರಶ್ನಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಮೂರರ ತಳದಲ್ಲೂ ಇರುವುದು ಒಂದೇ ನಂಬಿಕೆ: ನಮ್ಮ ಸಂಗೀತ ಒಂದಾನೊಂದು ಕಾಲದಲ್ಲಿ ಶುದ್ಧವಾಗಿತ್ತು, ಈಗ ಬೆರಕೆಯಾಗುತ್ತಿದೆ, ಬೆರಕೆಯಾದದ್ದು ಕೆಟ್ಟಿತು.

ಈ ನಂಬಿಕೆ ತಪ್ಪು. ಒಂದು ಹಾಡು ಯಾರಿಗೆ ಹಿಡಿಸಿತು, ಯಾರಿಗೆ ಹಿಡಿಸಲಿಲ್ಲ ಎಂಬುದು ಅವರವರ ರುಚಿ. ಅದರ ಮೇಲೆ ತಕರಾರಿಲ್ಲ. ಆದರೆ ಶುದ್ಧವಾಗಿದ್ದ ಕಾಲವೊಂದಿತ್ತು ಎನ್ನುವುದು ಚರಿತ್ರೆಯ ಮಾತು, ಅದಕ್ಕೆ ಸಾಕ್ಷಿ ಬೇಕು. ಈ ಹಾವೇರಿ ಜಿಲ್ಲೆಯಲ್ಲಿ ಸಿಗುವ ಸಾಕ್ಷಿಗಳೆಲ್ಲ ಅದಕ್ಕೆ ವಿರುದ್ಧವಾಗಿಯೇ ನುಡಿಯುತ್ತವೆ.

ಶರೀಫರಿಂದಲೇ ಶುರು ಮಾಡಬೇಕು, ಯಾಕೆಂದರೆ ಶುದ್ಧತೆಯ ವಕೀಲರು ಮೊದಲು ಎತ್ತುವುದು ಅವರ ಹೆಸರನ್ನೇ. 1819ರಲ್ಲಿ ಈಗಿನ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಇಮಾಮ್ ಸಾಹೇಬರ ಮಗನಾಗಿ ಹುಟ್ಟಿದವರು, ಕಳಸದ ಗೋವಿಂದ ಭಟ್ಟರ ಶಿಷ್ಯರಾಗಿ ಬೆಳೆದವರು, 1889ರಲ್ಲಿ ತೀರಿಕೊಂಡವರು. ಮುಸಲ್ಮಾನರ ಮನೆಯ ಮಗ ಬ್ರಾಹ್ಮಣ ಗುರುವಿನ ಹಿಂದೆ ನಡೆದದ್ದನ್ನು ಎರಡೂ ಕಡೆಯ ಮಡಿವಂತರು ಸಹಿಸಲಿಲ್ಲ ಎಂಬ ನೆನಪನ್ನು ಈ ಸೀಮೆಯ ಜನ ಇವತ್ತಿಗೂ ಕಥೆಯಾಗಿ ಹೇಳುತ್ತಾರೆ. ಅವರು ಭಜನೆಗೆ ತತ್ವಪದ ಕಟ್ಟಿದರು, ಮೊಹರಮ್ಮಿಗೆ ರಿವಾಯತ್ ಪದಗಳನ್ನೂ ಕಟ್ಟಿದರು. ಸೋರುವ ಮನೆ, ಹೊಗೆಯಾಡುವ ಹುಕ್ಕಾ, ಕಣ್ಣಿಗೆ ಬಿದ್ದದ್ದೆಲ್ಲ ಅವರ ಪದದೊಳಗೆ ಬಂತು. ಆ ಕಾಲಕ್ಕೆ ಹೊಸದಾಗಿದ್ದ ಗಿರಣಿಯನ್ನೂ ಅವರು ಬಿಡಲಿಲ್ಲ. ಅದರ ಗಾಲಿ, ನೂಲು, ಸದ್ದುಗಳಲ್ಲಿ ಮನುಷ್ಯದೇಹದ ತತ್ವ ಕಂಡು ಹಾಡಿದರು. ತನ್ನ ಕಾಲದ ಹೊಸ ಯಂತ್ರವನ್ನು ತತ್ವಪದದೊಳಗೆ ಕರೆತಂದ ಕವಿಯ ಪದದ ಹತ್ತಿರಕ್ಕೆ ನಮ್ಮ ಕಾಲದ ಹೊಸ ವಾದ್ಯ ಸುಳಿಯಬಾರದು ಎನ್ನುವ ಅಧಿಕಾರ ಯಾರಿಗಿದೆ?

‘ಮೂಲ ಧಾಟಿ ಕೆಡಿಸಿದರು’ ಎನ್ನುವವರನ್ನು ಹಿಡಿದು ನಿಲ್ಲಿಸಿ, ಆ ಮೂಲ ಧಾಟಿ ಯಾವುದು, ಒಂದಿಷ್ಟು ಹಾಡಿ ತೋರಿಸಿ ಎಂದು ಕೇಳಬೇಕು. ಅವರಲ್ಲಿ ಬಹುತೇಕರು ಗುನುಗುವುದು ಸಿ. ಅಶ್ವಥ್ ಅವರ ಧಾಟಿಯನ್ನು. ಅಶ್ವಥ್ 1939ರಲ್ಲಿ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು, ಬೆಂಗಳೂರಿನ ಸ್ಟುಡಿಯೋಗಳಲ್ಲಿ ಸುಗಮ ಸಂಗೀತ ಕಟ್ಟಿದವರು. ಕ್ಯಾಸೆಟ್ಟುಗಳ ಮೂಲಕ, ಆಮೇಲೆ 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರದ ಮೂಲಕ ಅವರು ಕೂರಿಸಿದ ಧಾಟಿಗಳು ಕನ್ನಡ ನಾಡಿನ ಮನೆಮನೆಗೆ ಹೋದವು. ಶರೀಫರ ದನಿಯನ್ನು ಯಾವ ಯಂತ್ರವೂ ಹಿಡಿದಿಟ್ಟಿಲ್ಲ. ಅವರು ಹಾಡಿದ ರೀತಿ ಭಜನಾ ಮೇಳಗಳ ಬಾಯಿಂದ ಬಾಯಿಗೆ, ಊರಿಂದ ಊರಿಗೆ ಬದಲಾಗುತ್ತ ಬಂದಿದೆ. ಒಂದು ಊರಿನ ಮೇಳದವರು ಎಳೆದು ಹಾಡುವ ಪದವನ್ನು ಮತ್ತೊಂದು ಊರಿನವರು ತಾಳ ಏರಿಸಿ ಓಡಿಸುತ್ತಾರೆ. ಹಾಗಾಗಿ ಇವತ್ತು ‘ಮೂಲ’ ಎನ್ನಿಸಿಕೊಳ್ಳುತ್ತಿರುವುದು ಶರೀಫರು ಸತ್ತು ಸುಮಾರು ನೂರು ವರ್ಷವಾದ ಮೇಲೆ ಮೈಕಿನ ಮುಂದೆ ಹುಟ್ಟಿದ್ದು. ಅದರಿಂದ ಅಶ್ವಥ್ ಸಣ್ಣವರಾಗುವುದಿಲ್ಲ. ತಮ್ಮ ಕಾಲದ ವಾದ್ಯ, ತಮ್ಮ ಕಾಲದ ಮಾಧ್ಯಮ ಹಿಡಿದು ಅವರು ಶರೀಫರನ್ನು ದಾಟಿಸಿದರು. ದೊಡ್ಡ ಕೆಲಸ ಅದು. ಅಶ್ವಥ್‌ಗೆ ಸಿಕ್ಕ ಆ ಹಕ್ಕು ಅವರ ನಂತರದವರಿಗೆ ಯಾಕೆ ಸಿಗಬಾರದು ಎಂಬುದೇ ಪ್ರಶ್ನೆ.

ನಂತರ ಬಂದವರಲ್ಲಿ ಮುಖ್ಯರು ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಸೂಕ್ಷ್ಮಜೀವಿ ವಿಜ್ಞಾನ ಓದಿ, ಗಿಟಾರನ್ನು ತಾವೇ ಕಲಿತವರು. 2008ರಲ್ಲಿ ಅವರ ಮೊದಲ ಆಲ್ಬಂ ಬಂತು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇದ್ದ ಆ ಆಲ್ಬಮ್ಮಿನಲ್ಲಿ ಶರೀಫರ ಎರಡು ಪದಗಳಿದ್ದವು, ಹುಕ್ಕಾದ ಪದ ಮತ್ತು ಸೋರುವ ಮನೆಯ ಪದ. ಗಿಟಾರ್, ಬೇಸ್, ಡ್ರಮ್, ಪಿಟೀಲುಗಳ ನಡುವೆ ಶರೀಫರ ಮಾತು ಕೂತಿತ್ತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕುಣಿಯುತ್ತ ಹಾಡಿದ ಈ ಮನುಷ್ಯ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ಲಂಡನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಪಡೆದರು. ಪ್ರಶಸ್ತಿ ಬಂತೆಂದು ಹಾಡು ದೊಡ್ಡದಾಗುವುದಿಲ್ಲ. ಗಮನಿಸಬೇಕಾದ್ದು ಬೇರೆ. ಹುಕ್ಕಾದ ಪದವನ್ನು ಅವರು ಹಾಡುವಾಗ ವಾದ್ಯಗಳು ಮಾತಿಗೆ ದಾರಿ ಬಿಡುತ್ತವೆ. ಅಕ್ಷರ ನುಂಗುವುದಿಲ್ಲ, ಅರ್ಥಕ್ಕೆ ಬೇಕಾದ ಕಡೆ ಉಸಿರು ನಿಲ್ಲುತ್ತದೆ. ಕನ್ನಡದ ‘ಳ’ಕಾರವನ್ನೇ ಉರುಳಿಸಲು ಬಾರದೆ ಶಾಲು ಹೊದ್ದು ಹಾಡುವವರ ‘ಶುದ್ಧ’ ಗಾಯನಕ್ಕಿಂತ ಇದು ಶರೀಫರಿಗೆ ಹತ್ತಿರ.

ವಾದ್ಯದ ಮಾತು ಬಂದದ್ದರಿಂದ ಪೇಟಿಯ, ಅಂದರೆ ಹಾರ್ಮೋನಿಯಂನ, ಕಥೆ ಹೇಳಲೇಬೇಕು. ಬ್ಯಾಡಗಿಯಿಂದ ಹಾನಗಲ್ಲಿನವರೆಗೆ ಯಾವ ಊರಿನ ಭಜನಾ ಮೇಳಕ್ಕೆ ಹೋದರೂ ನಡುವೆ ಪೇಟಿ ಇರುತ್ತದೆ. ಪೇಟಿ ಇಲ್ಲದೆ ಭಜನೆ ಏಳುವುದಿಲ್ಲ ಎನ್ನುವಷ್ಟು ಅದು ನಮ್ಮದಾಗಿದೆ. ಅದು ಹುಟ್ಟಿದ್ದು ಯುರೋಪಿನಲ್ಲಿ. ನೆಲದ ಮೇಲೆ ಕೂತು ಕೈಯಲ್ಲಿ ತಿದಿ ಒತ್ತುವ ರೂಪ ಅದಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದ ಕಲ್ಕತ್ತೆಯಲ್ಲಿ. ಈ ಪೇಟಿಯನ್ನು ಆಕಾಶವಾಣಿ 1940ರಲ್ಲಿ ಬಹಿಷ್ಕರಿಸಿತ್ತು. ಇದು ಪರದೇಶಿ, ಇದರ ಸ್ವರಗಳು ನಮ್ಮ ಶ್ರುತಿಗೆ ಕೂಡುವುದಿಲ್ಲ, ಇದು ನಮ್ಮ ಗಾಯನವನ್ನು ಕೆಡಿಸುತ್ತದೆ ಎಂದು ಆಗಿನ ದೊಡ್ಡ ದೊಡ್ಡವರು ವಾದಿಸಿದ್ದರು. ನಿಷೇಧ ಸಡಿಲಾದದ್ದು 1971ರಲ್ಲಿ. ಆ ಮೂವತ್ತು ವರ್ಷ ರೇಡಿಯೋ ಶುದ್ಧವಾಗಿ ಉಳಿಯಿತು, ಹಳ್ಳಿಯ ಭಜನೆ ಪೇಟಿ ಬಿಡಲಿಲ್ಲ. ಇವತ್ತು ಗಿಟಾರಿನ ಮೇಲೆ ಹೊರಿಸುವ ಆರೋಪಪಟ್ಟಿಯನ್ನು ಓದಿದರೆ ಅದು ಪೇಟಿಯ ಮೇಲೆ ಹೊರಿಸಿದ್ದರ ನಕಲು ಎಂದು ಗೊತ್ತಾಗುತ್ತದೆ. ವ್ಯತ್ಯಾಸ ಇಷ್ಟೇ, ಈಗ ಪೇಟಿಯೇ ‘ಪರಂಪರೆ’ಯ ಕಡೆ ಕೂತಿದೆ.

ಶಾಸ್ತ್ರೀಯ ಸಂಗೀತದಲ್ಲಾದರೂ ಶುದ್ಧತೆ ಇದ್ದೀತೆ? ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಹಾನಗಲ್ ಕುಮಾರಸ್ವಾಮಿಗಳು ಆ ಅಂಧ ಬಾಲಕನ ಕಂಠ ಗುರುತಿಸಿ ಸಂಗೀತ ಕಲಿಸಿದರು. ಮೊದಲು ಕರ್ನಾಟಕ ಸಂಗೀತ, ಆಮೇಲೆ ನೀಲಕಂಠಬುವಾ ಮಿರಜಕರ್ ಮತ್ತು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದ ಹಿಂದೂಸ್ತಾನಿ. ಎರಡನ್ನೂ ಅರೆದು ಕುಡಿದ ಅವರಿಗೆ ಜನ ಕೊಟ್ಟ ಬಿರುದು ‘ಉಭಯ ಗಾನ ವಿಶಾರದ’. ಉಭಯ ಎಂಬ ಶಬ್ದವನ್ನು ಈ ನಾಡು ಬಿರುದಾಗಿ ಕೊಟ್ಟಿತು, ಬೈಗುಳವಾಗಿ ಅಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ 1914ರಲ್ಲಿ ಇದೇ ಹಾನಗಲ್ ತಾಲ್ಲೂಕಿನಲ್ಲಿ ಹುಟ್ಟಿದವರು. ಅವರೂ ಎರಡೂ ಪದ್ಧತಿ ಕಲಿತರು, ಹತ್ತಾರು ವಾದ್ಯ ನುಡಿಸಿದರು, ನಾಟಕ ಕಂಪನಿಯನ್ನೇ ನಡೆಸಿದರು. ಇನ್ನು ವಚನಗಳು. ಹನ್ನೆರಡನೇ ಶತಮಾನದ ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡುವ ರೂಢಿ ಇಪ್ಪತ್ತನೇ ಶತಮಾನದ್ದು. ಜೈಪುರ-ಅತ್ರೌಳಿ ಘರಾಣೆಯ ಗಾಯಕಿಯನ್ನು ಅಲ್ಲಾದಿಯಾ ಖಾನರ ಮಕ್ಕಳಿಂದ ಕಲಿತ ಮಲ್ಲಿಕಾರ್ಜುನ ಮನ್ಸೂರರು ವಚನ ಎತ್ತಿಕೊಂಡರೆ ಕೇಳುಗರ ಕಣ್ಣು ತುಂಬುತ್ತಿತ್ತು. ಉತ್ತರದ ಮುಸಲ್ಮಾನ ಉಸ್ತಾದರ ರಾಗದಲ್ಲಿ ಬಸವಣ್ಣನ ಮಾತು! ಯಾರೂ ಅದನ್ನು ಕಲಬೆರಕೆ ಎನ್ನಲಿಲ್ಲ, ಎನ್ನಲೂಬಾರದು.

ಬೆರಕೆಯಾದರೆ ಹಾಡಿಗೆ ಊರು ಇಲ್ಲದಂತಾಗುತ್ತದೆ ಎಂಬ ಭಯ ಇನ್ನೊಂದು. ಈ ಭಯಕ್ಕೆ ಉತ್ತರ ಸ್ವಲ್ಪ ದೂರದಲ್ಲಿದೆ, ಪಶ್ಚಿಮ ಆಫ್ರಿಕದ ನೈಜೀರಿಯದಲ್ಲಿ, ಲಾಗೋಸ್ ನಗರದಲ್ಲಿ. ಅಲ್ಲಿನ ಗಾಯಕ ಪ್ಯಾಟೊರ‍್ಯಾಂಕಿಂಗ್ 2016ರಲ್ಲಿ ‘ಗಾಡ್ ಓವರ್ ಎವ್ರಿಥಿಂಗ್’ ಎಂಬ ತಮ್ಮ ಮೊದಲ ಆಲ್ಬಂ ತಂದರು. ರೆಗ್ಗೆ, ಡ್ಯಾನ್ಸ್‌ಹಾಲ್, ಆಫ್ರೋಬೀಟ್ ಮೂರೂ ಅದರಲ್ಲಿ ಬೆರೆತಿವೆ. ರೆಗ್ಗೆ ಮತ್ತು ಡ್ಯಾನ್ಸ್‌ಹಾಲ್ ಜಮೈಕಾದವು. ನೈಜೀರಿಯದವನಿಗೆ ಅವುಗಳ ಉಸಾಬರಿ ಯಾಕೆ ಎಂದು ನಮ್ಮ ಶುದ್ಧವಾದಿಗಳು ಕೇಳಬಹುದು. ಜಮೈಕಾದ ಕರಿಯ ಜನ ಯಾರು? ಗುಲಾಮರ ಹಡಗುಗಳಲ್ಲಿ ಆಫ್ರಿಕದಿಂದ, ಬಹುಪಾಲು ಅದರ ಪಶ್ಚಿಮ ಭಾಗದಿಂದ, ಎಳೆದೊಯ್ದವರ ಮೊಮ್ಮಕ್ಕಳ ಮೊಮ್ಮಕ್ಕಳು. ಅವರು ಮರೆಯದೆ ಉಳಿಸಿಕೊಂಡ ಡೋಲಿನ ಲಯ ಅಮೆರಿಕದ ರೇಡಿಯೋ ಹಾಡುಗಳ ಜತೆ ಕೂಡಿ 1960ರ ದಶಕದ ಕೊನೆಗೆ ರೆಗ್ಗೆ ಆಯಿತು. ತಾಳದ ಮೊದಲ ಪೆಟ್ಟನ್ನು ಖಾಲಿ ಬಿಟ್ಟು ಭಾರವನ್ನು ಮೂರನೆಯದರ ಮೇಲೆ ಹಾಕುವ ಒಂದು ನಡೆ ಅದರಲ್ಲಿದೆ. ಸಮದಲ್ಲಿ ಸುಮ್ಮನಿದ್ದು ಆಮೇಲೆ ಮಾತು ಎತ್ತಿಕೊಳ್ಳುವ ಸುಖ ಗೊತ್ತಿರುವ ನಮ್ಮ ಭಜನೆಯವರಿಗೆ ಅದು ಅಪರಿಚಿತ ಎನ್ನಿಸಲಾರದು. ಲಾಗೋಸಿನ ಹುಡುಗ ರೆಗ್ಗೆ ಹಾಡಿದಾಗ ಕಡಲು ದಾಟಿ ಹೋದದ್ದು ಮನೆಗೆ ಮರಳಿತು.

ಆಫ್ರೋಬೀಟ್ ಆದರೂ ಅಚ್ಚ ನೈಜೀರಿಯದ್ದೇ? ಅದನ್ನು ಕಟ್ಟಿದ ಫೆಲಾ ಕುಟಿ 1938ರಲ್ಲಿ ಅಬೆಯೋಕುಟದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಸಂಗೀತ ಓದಿದವರು. 1969ರಲ್ಲಿ ಅಮೆರಿಕಕ್ಕೆ ಹೋಗಿಬಂದ ಮೇಲೆ ಅವರ ಹಾಡಿನ ದಾರಿ ಬದಲಾಯಿತು. ಘಾನಾ ಕಡೆಯ ಹೈಲೈಫ್, ಅಮೆರಿಕದ ಜಾಝ್ ಮತ್ತು ಫಂಕ್, ಯೊರುಬಾ ಜನರ ಡೋಲು ಇವೆಲ್ಲ ಅದರಲ್ಲಿ ಕೂಡಿದವು; ಡ್ರಮ್ ಬಾರಿಸಿದ ಟೋನಿ ಅಲೆನ್ ಅದಕ್ಕೆ ಬೆನ್ನೆಲುಬಾದರು. ಈ ಬೆರಕೆಯಲ್ಲೇ ಫೆಲಾ ತಮ್ಮ ದೇಶದ ಮಿಲಿಟರಿ ಸರ್ಕಾರವನ್ನು ಬೈದರು, ಜೈಲಿಗೆ ಹೋದರು. ಅದೇ ನೆಲದ ಬರ್ನಾ ಬಾಯ್ 2021ರಲ್ಲಿ ಗ್ರ್ಯಾಮಿ ಪಡೆದರು. ಇಷ್ಟೆಲ್ಲ ಬೆರೆತ ಮೇಲೂ ಜಗತ್ತು ಆ ಹಾಡನ್ನು ಕೇಳಿದೊಡನೆ ಇದು ಲಾಗೋಸಿನದು ಎಂದು ಗುರುತಿಸುತ್ತದೆ.

ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿಗೆ ಇಲ್ಲಿಂದ ಬರಬಹುದು. 1950ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನ ಬಡವರ ಓಣಿಗಳಲ್ಲಿ ಆಳೆತ್ತರದ ಸ್ಪೀಕರುಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಬಯಲಲ್ಲಿ ಹಾಡು ಹಾಕುವ ‘ಸೌಂಡ್ ಸಿಸ್ಟಂ’ ಶುರುವಾಯಿತು. ಕಾಕ್ಸನ್ ಡಾಡ್, ಡ್ಯೂಕ್ ರೀಡ್ ಎಂಬುವರು ಪೈಪೋಟಿಯ ಮೇಲೆ ಅವನ್ನು ನಡೆಸಿದರು. ಮರ್ಯಾದಸ್ತರು ಮೂಗು ಮುರಿದರು. ಆ ಸ್ಪೀಕರುಗಳ ಮುಂದೆಯೇ ಸ್ಕಾ, ರೆಗ್ಗೆ, ಡ್ಯಾನ್ಸ್‌ಹಾಲ್ ಒಂದಾದ ಮೇಲೊಂದು ಬೆಳೆದವು. ಕಿಂಗ್‌ಸ್ಟನ್ನಿನಿಂದ ಹೋದ ಕೂಲ್ ಹರ್ಕ್ ಎಂಬ ಹುಡುಗ 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಅದೇ ಮಾದರಿಯಲ್ಲಿ ಹಾಡು ಹಾಕಿದ. ಹಿಪ್‌ಹಾಪ್ ಅಲ್ಲಿಂದ ಮೊಳೆಯಿತು. ಈಗ ನಮ್ಮ ಸೀಮೆಯನ್ನು ನೋಡಿ. ಗೋವಿನಜೋಳದ ಹೇರು ಇಳಿಸಿ ಬರುವ ಟ್ರ್ಯಾಕ್ಟರಿನಲ್ಲಿ ದೊಡ್ಡ ಸ್ಪೀಕರು, ಕೀಬೋರ್ಡು ಮತ್ತು ರಿದಂ ಪ್ಯಾಡಿನ ಮೇಲೆ ಕಟ್ಟಿದ ಉತ್ತರ ಕರ್ನಾಟಕದ ‘ಜಾನಪದ ಸಾಂಗ್’, ಅದರೊಳಗೆ ಡೊಳ್ಳಿನ ಹೊಡೆತ, ಸೋಬಾನೆಯ ಎಳೆತ, ಪಕ್ಕಾ ಆಡುಮಾತಿನ ಕನ್ನಡ. ಸಂಗೀತ ಶಾಲೆಯ ಮೆಟ್ಟಿಲು ಹತ್ತದ ಹುಡುಗರು ಇದನ್ನು ಕಟ್ಟುತ್ತಿದ್ದಾರೆ. ಇವುಗಳಲ್ಲಿ ಕೆಲವು ಹಾಡುಗಳ ಮಾತು ಹೊಲಸು, ಕೈಕೊಟ್ಟ ಹುಡುಗಿಯನ್ನು ಹೀಯಾಳಿಸುವುದೇ ಅವುಗಳ ಬಂಡವಾಳ. ಅಂಥ ಮಾತನ್ನು ಮುಲಾಜಿಲ್ಲದೆ ಖಂಡಿಸಬೇಕು. ಆದರೆ ತಪ್ಪು ಇರುವುದು ಮಾತಿನಲ್ಲಿ. ಶಿಕ್ಷೆ ಕೀಬೋರ್ಡಿಗೆ ಕೊಡುವುದು ನ್ಯಾಯವಲ್ಲ. ಒಂದು ಕಾಲಕ್ಕೆ ಲಾವಣಿಯನ್ನೂ ಬಯಲಾಟವನ್ನೂ ಹೀಗೇ ‘ಹಲ್ಕಾ’ ಎಂದು ಹೊರಗಿಟ್ಟಿದ್ದರು. ಈಗ ಅವುಗಳ ಮೇಲೆ ಪಿಎಚ್‌ಡಿ ಪಡೆಯುತ್ತಾರೆ.

ಆಫ್ರಿಕದ ಲಯ ಕೇಳಲು ಲಾಗೋಸಿಗೇ ಹೋಗಬೇಕೆಂದಿಲ್ಲ. ಹಾನಗಲ್ ದಾಟಿದರೆ ಮುಂಡಗೋಡ, ಅದರಾಚೆ ಯಲ್ಲಾಪುರ, ಹಳಿಯಾಳ. ಪೋರ್ಚುಗೀಸರು ಮತ್ತು ಅರಬರು ಹಡಗಿನಲ್ಲಿ ತಂದಿಳಿಸಿದ ಆಫ್ರಿಕದ ಜನರ ಸಂತತಿಯಾದ ಸಿದ್ದಿಗಳು ಅಲ್ಲಿನ ಕಾಡಿನಂಚಿನಲ್ಲಿ ಬದುಕಿದ್ದಾರೆ. ಅವರ ಡಮಾಮಿ ವಾದ್ಯದ ಬಡಿತ, ಆ ಬಡಿತಕ್ಕೆ ಕುಣಿಯುವ ಹೆಂಗಸರ ಹೆಜ್ಜೆ ಕರ್ನಾಟಕದ್ದೇ. ಅದನ್ನು ‘ಜಾನಪದ’ ಎಂದು ಮೆರವಣಿಗೆಗೆ ಕರೆಸುವವರೇ, ಕನ್ನಡದ ಹುಡುಗನೊಬ್ಬ ಅದೇ ಬಗೆಯ ಬಡಿತವನ್ನು ಕಂಪ್ಯೂಟರಿನಲ್ಲಿ ಕಟ್ಟಿದರೆ ‘ವಿದೇಶಿ ಅನುಕರಣೆ’ ಎನ್ನುತ್ತಾರೆ. ಈ ಎರಡು ನಾಲಿಗೆ ಯಾಕೆ?

ಊಟದ ತಟ್ಟೆಯಲ್ಲೂ ಇದೇ ಕಥೆ. ರೊಟ್ಟಿಯ ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದ ಬೆಳೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರು ಅಮೆರಿಕ ಖಂಡದವು. ಪೋರ್ಚುಗೀಸರ ಹಡಗು ಹತ್ತಿ ಈ ಕಡೆಗೆ ಬಂದವು. ಕನ್ನಡಿಗರು ಆ ಹೊಸ ಕಾಯಿಗೆ ತಮ್ಮ ಹಳೆಯ ಮೆಣಸಿನ ಹೆಸರು ಕೊಟ್ಟರು, ಇಲ್ಲಿನ ಮಣ್ಣಿನಲ್ಲಿ ಬೀಜ ಆರಿಸಿ ಆರಿಸಿ ಕಡ್ಡಿ, ಡಬ್ಬಿ ಎಂಬ ತಳಿಗಳಾಗಿ ಬೆಳೆಸಿದರು. ಖಾರ ಕಡಿಮೆ, ಬಣ್ಣ ಜಾಸ್ತಿ, ಮೈಯೆಲ್ಲ ಸುಕ್ಕು. ಈಗ ಜಗತ್ತಿನಲ್ಲಿ ಬ್ಯಾಡಗಿ ಎಂಬ ಹೆಸರು ಈ ಸೀಮೆಗೆ ಮಾತ್ರ ಸಲ್ಲುತ್ತದೆ.

ಹಾಗೆಂದು ಎದುರು ಪಕ್ಷದವರ ಎಲ್ಲ ಮಾತನ್ನೂ ತಳ್ಳಿಹಾಕುವಂತಿಲ್ಲ. ಮಾತು ಮುಳುಗುತ್ತದೆ ಎನ್ನುತ್ತಾರೆ. ಎಷ್ಟೋ ಫ್ಯೂಷನ್ ಕಚೇರಿಗಳಲ್ಲಿ ಇದು ನಿಜ. ಡ್ರಮ್ಮಿನ ಅಬ್ಬರಕ್ಕೆ ತತ್ವಪದ ಕೊಚ್ಚಿಹೋಗಿ, ಉಳಿಯುವುದು ಪಲ್ಲವಿಯ ಕೂಗು ಮಾತ್ರ. ಆದರೆ ಹೊತ್ತು ಮುಳುಗಿದ ಮೇಲೆ ಗುಡಿಯ ಕಂಬಕ್ಕೆ ಕಟ್ಟಿದ ಕಹಳೆ ಮೈಕಿನಲ್ಲಿ ಒದರುವ ಭಜನೆಯಲ್ಲೂ ಮಾತು ಅಷ್ಟೇ ಮುಳುಗುತ್ತದೆ. ಎರಡು ಕಡೆಯೂ ದೋಷ ಒಂದೇ: ಹಾಡುವವರಿಗೆ ಅರ್ಥದ ಮೇಲೆ ಪ್ರೀತಿ ಇಲ್ಲ. ಹೊಸ ಹಾಡನ್ನು ಅಳೆಯುವುದಿದ್ದರೆ ಈ ಅಳತೆಗೋಲು ಹಿಡಿಯಲಿ. ಗಾಯಕನಿಗೆ ಪದ ಅರ್ಥವಾಗಿದೆಯೇ, ಕೇಳಿದವನಿಗೆ ಅದು ಮುಟ್ಟಿತೇ? ವಾದ್ಯದ ಜಾತಿ ಕೇಳುವುದು ಸಾಕು.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು, ಅದು ದುಡ್ಡಿನದು. ಶರೀಫರ ಪದಗಳಿಗೆ ಈಗ ಯಾರೂ ಒಡೆಯರಿಲ್ಲ; ಯಾರು ಬೇಕಾದರೂ ಹಾಡಬಹುದು, ಹಾಡಿ ಗಳಿಸಬಹುದು. ಆದರೆ ಆ ಪದವನ್ನು ನೂರಕ್ಕೂ ಹೆಚ್ಚು ವರ್ಷ ಬಾಯಲ್ಲಿ ಇಟ್ಟುಕೊಂಡು ಕಾಪಾಡಿದವರು ಶಿಶುನಾಳದ ಸುತ್ತಿನ ಮೇಳದವರು, ಹಗಲು ಹೊಲದಲ್ಲಿ ದುಡಿದು ರಾತ್ರಿ ದಮ್ಮಡಿ ಬಡಿಯುವವರು. ಅವರ ಧಾಟಿಯನ್ನು ಕೇಳಿಕೊಂಡು ಹೋಗಿ ಆಲ್ಬಂ ಮಾಡುವವರು ಅವರ ಹೆಸರು ಹಾಕದಿದ್ದರೆ, ಗಳಿಕೆಯಲ್ಲಿ ಪಾಲು ಕೊಡದಿದ್ದರೆ ಅದು ಅನ್ಯಾಯ, ಸಿಟ್ಟು ಬರಬೇಕಾದ್ದು ಅಲ್ಲಿ. ಶುದ್ಧತೆಯ ಹೆಸರಿನಲ್ಲಿ ಎದ್ದ ಗದ್ದಲದಲ್ಲಿ ಈ ಒಂದು ಪ್ರಶ್ನೆ ಯಾರ ಕಿವಿಗೂ ಬೀಳದೆ ಹೋಯಿತು. ಗಿಟಾರಿನ ಮೇಲೆ ಗುಡುಗುವವರು ಮುಪ್ಪಾದ ತತ್ವಪದದ ಹಾಡುಗಾರನ ಮಾಸಾಶನದ ಅರ್ಜಿಗಾಗಿ ಒಂದು ದಿನವಾದರೂ ಕಚೇರಿಯ ಮುಂದೆ ನಿಂತರೆ ಅವರ ಮಾತಿಗೆ ಬೆಲೆ ಬರುತ್ತದೆ.

ಬೆರಕೆಗೆ ಸಾಹಿತ್ಯದಲ್ಲೂ ಸಾಕ್ಷಿಯಿದೆ. ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುತ್ತಾಳೆ. ಕೂಡುವ ಜಾಗದಲ್ಲೇ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ ನಿಂತಿದೆ. ಈ ಊರಿನ ಹೆಸರನ್ನೇ ಕಾವ್ಯನಾಮವಾಗಿಸಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕನ್ನಡದ ‘ಕಾದಂಬರಿ ಪಿತಾಮಹ’ ಎನ್ನಿಸಿಕೊಂಡರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಅವರು ಕನ್ನಡಕ್ಕೆ ತಂದರು. ಕಾದಂಬರಿ ಎಂಬ ರೂಪವೇ ಮರಾಠಿಗೆ ಇಂಗ್ಲಿಷಿನಿಂದ ಬಂದದ್ದು. ಆ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿ, ಮರಾಠಿಯ ದಬ್ಬಾಳಿಕೆಯಲ್ಲಿದ್ದ ಈ ಭಾಗದಲ್ಲಿ ಗಳಗನಾಥರು ಕನ್ನಡದ ಓದುಗರನ್ನು ಹುಟ್ಟಿಸಿದರು. ಹೊರಗಿನದನ್ನು ತಂದು ಕನ್ನಡವನ್ನು ಉಳಿಸಿದ ಅವರನ್ನು ಹೆಮ್ಮೆಯಿಂದ ನೆನೆಯುವ ಜಿಲ್ಲೆ, ಅದೇ ಕೆಲಸವನ್ನು ಹಾಡಿನಲ್ಲಿ ಮಾಡಹೊರಟ ಹುಡುಗರನ್ನು ಹೀಗಳೆಯುವುದು ಸಲ್ಲದು.

ಕರ್ನಾಟಕ ಜಾನಪದ ವಿಶ್ವವಿದ್ಯಾಲಯ 2011ರಿಂದ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿದೆ, ಶಿಶುನಾಳವೂ ಅದೇ ತಾಲ್ಲೂಕು. ಸುತ್ತಿನ ಒಂದೊಂದು ಊರಿನ ಮೇಳ ಶರೀಫರ ಒಂದೊಂದು ಪದವನ್ನು ಯಾವ ಧಾಟಿಯಲ್ಲಿ ಹಾಡುತ್ತದೆ ಎಂಬುದು ಹಾಡಿದವರ ಹೆಸರು, ಊರು, ತಾರೀಖಿನ ಸಮೇತ ದಾಖಲಾಗಿ, ಕೇಳಬಯಸುವ ಎಲ್ಲರ ಕೈಗೂ ಸಿಗಬೇಕು. ವಿಶ್ವವಿದ್ಯಾಲಯ ಮಾಡುವ ತನಕ ಕಾಯಬೇಕೆಂದೂ ಇಲ್ಲ. ಓದುಗರೇ, ಮುಂದಿನ ಜಾತ್ರೆಗೆ ಹೋದಾಗ ನಿಮ್ಮೂರಿನ ಹಿರಿಯ ಹಾಡುಗಾರರ ಪಕ್ಕ ಕೂತು, ಅವರನ್ನು ಕೇಳಿಯೇ, ನಾಲ್ಕು ಪದಗಳನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಿ. ಬರುವಾಗ ಟ್ರ್ಯಾಕ್ಟರಿನ ಹಾಡು ಕಟ್ಟುವ ಓಣಿಯ ಹುಡುಗನನ್ನೂ ಜತೆಗೆ ಕರೆದುಕೊಂಡು ಬನ್ನಿ, ಅವನ ಕೀಬೋರ್ಡಿನ ಸಮೇತ.